ಎಣಿಕೆ ಮುಗಿಯುವ ಮೊದಲೇ ಗೆದ್ದವರ ಹೆಸರು: ಪ್ರೈಮರಿ ರಾತ್ರಿಯ ಘೋಷಣೆಗಳನ್ನು ಎಷ್ಟು ನಂಬಬಹುದು?

ತುಂಗಾತೀರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. 2024ರ ಜನವರಿ 15ರಂದು ಅಮೆರಿಕದ ಅಯೋವಾ ರಾಜ್ಯದಲ್ಲಿ ನಡೆದ ರಿಪಬ್ಲಿಕನ್ ಪಕ್ಷದ ಕಾಕಸ್‌ನ (ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯನ್ನು ಆರಿಸಲು ಪಕ್ಷದವರು ಸಭೆ ಸೇರಿ ಮತ ಹಾಕುವ ಪದ್ಧತಿ) ಫಲಿತಾಂಶ ನೋಡಲು ನಾನು ಶಿವಮೊಗ್ಗದಲ್ಲಿ ಮರುದಿನ ಬೆಳಗಿನ ಆರೂವರೆಗೇ ಟಿ.ವಿ. ಮುಂದೆ ಕುಳಿತಿದ್ದೆ. ಸಭೆಗಳು ಆರಂಭವಾಗಿ ಸುಮಾರು ಅರ್ಧ ಗಂಟೆಯಾಗುವಷ್ಟರಲ್ಲಿ, ಹಲವೆಡೆ ಜನ ಇನ್ನೂ ಮತ ಹಾಕುತ್ತಿದ್ದಾಗಲೇ, ಟ್ರಂಪ್ ಗೆದ್ದರೆಂದು ಅಸೋಸಿಯೇಟೆಡ್ ಪ್ರೆಸ್ (ಎಪಿ) ಘೋಷಿಸಿತು. ಸುತ್ತುಸುತ್ತಾಗಿ ಎಣಿಕೆ ಮುಗಿದು ಚುನಾವಣಾಧಿಕಾರಿಯೇ ಫಲಿತಾಂಶ ಘೋಷಿಸುವ ಪದ್ಧತಿಯನ್ನು ಕಂಡು ಬೆಳೆದ ನನಗೆ ಇದು ಅರ್ಥವಾಗಲಿಲ್ಲ. ಸುದ್ದಿಸಂಸ್ಥೆಯೊಂದು ಯಾವ ಆಧಾರದ ಮೇಲೆ ಹೀಗೆ ಹೇಳುತ್ತದೆ?

ಅಂಕಿಗಣ್ಣು:
ನಮ್ಮಂತೆ ಇಡೀ ದೇಶದ ಎಣಿಕೆಯನ್ನು ನಡೆಸುವ ಒಂದೇ ಆಯೋಗ ಅಲ್ಲಿಲ್ಲ. ಪ್ರೈಮರಿಯ (ಅದೇ ಆಯ್ಕೆಗಾಗಿ ಮತಗಟ್ಟೆಗಳಲ್ಲಿ ನಡೆಯುವ ಚುನಾವಣೆ) ಮತಗಳನ್ನು ಸ್ಥಳೀಯ ಅಧಿಕಾರಿಗಳು ಎಣಿಸಿದರೆ, ಕಾಕಸ್ ನಡೆಸಿ ಲೆಕ್ಕ ಕೊಡುವುದು ಪಕ್ಷವೇ. ಹೀಗೆ ಚದುರಿದ ಅಂಕಿಗಳನ್ನು ಒಂದೆಡೆ ಸೇರಿಸುವ ಕೆಲಸವನ್ನು ಎಪಿ 1848ರಿಂದ ಮಾಡುತ್ತ ಬಂದಿದೆ. ಹಿಂದೆ ಬಿದ್ದವರಿಗೆ ಮುಂದಿರುವವರನ್ನು ಹಿಂದಿಕ್ಕುವ ದಾರಿಯೇ ಉಳಿದಿಲ್ಲ ಎಂದು ಖಚಿತವಾದಾಗ ಮಾತ್ರ ಅದು ಗೆದ್ದವರ ಹೆಸರು ಹೇಳುತ್ತದೆ. 2020ರ ಫೆಬ್ರವರಿ 29ರಂದು ದಕ್ಷಿಣ ಕ್ಯಾರೊಲಿನಾದಲ್ಲಿ ಡೆಮಾಕ್ರಟಿಕ್ ಪ್ರೈಮರಿಯ ಮತದಾನ ಮುಗಿದ ಗಳಿಗೆಯಲ್ಲೇ ಬೈಡನ್ ಹೆಸರು ಬಂದದ್ದು ಮತದಾರರ ಸಮೀಕ್ಷೆಯ ಬಲದಿಂದ. ಆದ್ದರಿಂದ ಪರದೆಯ ಮೇಲೆ ಯಾರು ಮುಂದಿದ್ದಾರೆ ಎಂಬುದಕ್ಕಿಂತ, ಉಳಿದ ಮತಗಳು ಎಷ್ಟು, ಯಾವ ಊರಿನವು, ಅಂಚೆಯಲ್ಲಿ ಬಂದವೋ ಮತಗಟ್ಟೆಯಲ್ಲಿ ಬಿದ್ದವೋ ಎಂಬುದನ್ನು ನೋಡಿ. ಎಷ್ಟು ಶೇಕಡಾ ಎಣಿಕೆಯಾಗಿದೆ ಎಂಬ ಅಂಕಿ ಕೂಡ ಅಂದಾಜೇ, ಏಕೆಂದರೆ ಒಟ್ಟು ಎಷ್ಟು ಮತ ಬಿದ್ದಿವೆ ಎಂಬುದು ಆ ರಾತ್ರಿ ಯಾರಿಗೂ ನಿಖರವಾಗಿ ಗೊತ್ತಿರುವುದಿಲ್ಲ.

ಹಳೇ ಓದುಗ:
ಅಂತರ ದೊಡ್ಡದಿದ್ದಾಗ ಈ ಲೆಕ್ಕ ಸರಿ. ಕೂದಲೆಳೆಯಷ್ಟಿದ್ದರೆ ರಾತ್ರಿಯ ಅಂಕಿಯನ್ನು ನಂಬುವಂತಿಲ್ಲ. 2012ರ ಅಯೋವಾ ಕಾಕಸ್‌ನಲ್ಲಿ ರಿಪಬ್ಲಿಕನ್ ಸ್ಪರ್ಧಿ ರಾಮ್ನಿ 8 ಮತಗಳಿಂದ ಮುಂದಿದ್ದಾರೆ ಎಂದು ಪಕ್ಷ ಅಂದು ಪ್ರಕಟಿಸಿತ್ತು. ಎರಡು ವಾರಗಳ ನಂತರ ದೃಢೀಕರಿಸಿದ ಲೆಕ್ಕ ಬಂದಾಗ ಅವರ ಎದುರಾಳಿ ಸ್ಯಾಂಟೋರಮ್ 34 ಮತಗಳಿಂದ ಮುಂದಿದ್ದರು, ಅದೂ 8 ಕೇಂದ್ರಗಳ ಲೆಕ್ಕ ಸಿಗದೇ ಹೋದ ಸ್ಥಿತಿಯಲ್ಲಿ. ಅಷ್ಟರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪ್ರೈಮರಿಯೂ ಮುಗಿದಿತ್ತು. ಗೆದ್ದ ಸುದ್ದಿಯಿಂದ ಸಿಗಬೇಕಾಗಿದ್ದ ಹುರುಪು ಸ್ಯಾಂಟೋರಮ್ ಅವರಿಗೆ ಸಿಗಲೇ ಇಲ್ಲ. 2020ರಲ್ಲಿ ಅದೇ ರಾಜ್ಯದಲ್ಲಿ ಫಲಿತಾಂಶ ಕಳಿಸುವ ಡೆಮಾಕ್ರಟಿಕ್ ಪಕ್ಷದ ಆ್ಯಪ್ ಕೈಕೊಟ್ಟು ಲೆಕ್ಕ ಗೊಂದಲವಾದಾಗ ಎಪಿ ಯಾರನ್ನೂ ವಿಜೇತರೆಂದು ಘೋಷಿಸಲಿಲ್ಲ. ಆ ಸಂಯಮವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಸ್ಯಾನ್ ಹೋಸೆ ಕನ್ನಡಿಗ:
ಒಂದು ಮಾತು ಸೇರಿಸುತ್ತೇನೆ. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಗೆದ್ದವರ ಹೆಸರಿಗಿಂತ ಪ್ರತಿನಿಧಿಗಳ (ಪಕ್ಷದ ಸಮಾವೇಶದಲ್ಲಿ ಮತ ಹಾಕಿ ಅಭ್ಯರ್ಥಿಯನ್ನು ಆರಿಸುವವರು) ಹಂಚಿಕೆ ಮುಖ್ಯ. ಶೇ. 15ರ ಗಡಿ ದಾಟಿದವರೆಲ್ಲರಿಗೂ ಪಾಲು ಸಿಗುವುದರಿಂದ ಎರಡನೇ ಸ್ಥಾನದವರೂ ಬರಿಗೈಯಲ್ಲಿ ಹೋಗುವುದಿಲ್ಲ.

ಆದರೆ ಘೋಷಣೆಯ ಹೊತ್ತಿನ ಬಗ್ಗೆ ಅಂಕಿಗಣ್ಣು ಅವರಷ್ಟು ನೆಮ್ಮದಿ ನನಗಿಲ್ಲ. 2016ರ ಜೂನ್ 6ರಂದು, ನಮ್ಮ ಕ್ಯಾಲಿಫೋರ್ನಿಯಾದ ಮತದಾನಕ್ಕೆ ಒಂದು ದಿನ ಮೊದಲೇ, ಹಿಲರಿ ಕ್ಲಿಂಟನ್ ಅವರಿಗೆ ಅಭ್ಯರ್ಥಿಯಾಗಲು ಬೇಕಾದಷ್ಟು ಪ್ರತಿನಿಧಿಗಳ ಬೆಂಬಲವಿದೆ ಎಂದು ಎಪಿ ಹೇಳಿತು. ಜುಲೈ ತಿಂಗಳ ಸಮಾವೇಶದಲ್ಲಷ್ಟೇ ಮತ ಹಾಕಬೇಕಿದ್ದ, ಪ್ರೈಮರಿ ಫಲಿತಾಂಶಕ್ಕೆ ಕಟ್ಟುಬೀಳದ ಪಕ್ಷದ ನಾಯಕರಾದ ಸೂಪರ್ ಡೆಲಿಗೇಟ್‌ಗಳನ್ನೂ ಆ ಲೆಕ್ಕಕ್ಕೆ ಸೇರಿಸಲಾಗಿತ್ತು. ಲೆಕ್ಕ ತಪ್ಪಾಗಿರಲಿಲ್ಲ, ಒಪ್ಪುತ್ತೇನೆ. ಆದರೂ ಸರದಿಯಲ್ಲಿ ನಿಂತವರು ಮತ ಹಾಕಿ ಹೊರಬರುವವರೆಗೆ ಕಾಯುವುದು ಸುದ್ದಿಸಂಸ್ಥೆಗಳಿಗೆ ಅಷ್ಟು ಕಷ್ಟದ ಕೆಲಸವಲ್ಲ. ತುಂಗಾತೀರ ಅವರು ನೋಡಿದ ಅಯೋವಾ ಘೋಷಣೆಗೂ ಟ್ರಂಪ್ ಎದುರಾಳಿ ಡಿಸ್ಯಾಂಟಿಸ್ ಅವರ ತಂಡ ಇದೇ ಆಕ್ಷೇಪ ಎತ್ತಿತ್ತು, ಮತ್ತು ಅದು ನ್ಯಾಯವಾದ ಆಕ್ಷೇಪವೆಂದೇ ನನ್ನ ಅಭಿಪ್ರಾಯ.