ಸಹಾಯ ಬೇಕು: ಸ್ಪೆಕ್ಟ್ರಮ್‌ನಲ್ಲಿ ಹಳೆಯ ಕ್ಯಾಸೆಟ್ ದಡದವರೆಗೆ ಬಂದು ಮುಳುಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ 48 ಕೆ ಮೆಮೊರಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಸಿಕ್ಕಿತು; ಕ್ಯಾಸೆಟ್‌ನಿಂದ ಪ್ರೋಗ್ರಾಮ್ ಲೋಡ್ ಮಾಡುವ 1980ರ ದಶಕದ ಮನೆ ಕಂಪ್ಯೂಟರ್ ಇದು. ಜೊತೆಗೆ 1983ರ ಕೆಂಪು ಡಬ್ಬಿಯ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ ಪಾತ್ರ ವಹಿಸುವ ಆಟ), ‘ಕ್ಯಾರೆಕ್ಟರ್ಸ್’ ಎಂದು ಪೆನ್ಸಿಲ್‌ನಲ್ಲಿ ಬರೆದ ಒಂದು ಕ್ಯಾಸೆಟ್. ಹಿಂದಿನ ಮಾಲೀಕರು ಪಾತ್ರಗಳಿಗೆ ದಾಳ ಉರುಳಿಸಲು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾವೇ ಬರೆದ ಪ್ರೋಗ್ರಾಮ್ ಇರಬೇಕೆಂದು ನನ್ನ ಊಹೆ. ದಾಳಗಳು ಡಬ್ಬಿಯಲ್ಲೇ ಇವೆ, ಆದರೂ ಆಸೆ ಬಿಡುತ್ತಿಲ್ಲ.

ಲೋಡ್ ಮಾಡಿದರೆ ಪರದೆಯ ಅಂಚಿನಲ್ಲಿ ಮೊದಲು ಕೆಂಪು-ತಿಳಿನೀಲಿ ಪಟ್ಟೆಗಳು, ಆಮೇಲೆ ಪ್ರೋಗ್ರಾಮಿನ ಹೆಸರು ಸರಿಯಾಗಿ ಬರುತ್ತದೆ. ನಂತರ ನೀಲಿ-ಹಳದಿ ಪಟ್ಟೆಗಳು ಕೊನೆಯವರೆಗೂ ಓಡಿ, ಮುಗಿಯಿತು ಎನ್ನುವಾಗ ‘ಆರ್ ಟೇಪ್ ಲೋಡಿಂಗ್ ಎರರ್’! ಅಂಗಡಿಯಲ್ಲಿ ಕೊಂಡ ಆಟಗಳ ಕ್ಯಾಸೆಟ್‌ಗಳು ಇದೇ ಪ್ಲೇಯರ್‌ನಲ್ಲಿ ತಕರಾರಿಲ್ಲದೆ ಲೋಡ್ ಆಗುತ್ತವೆ.

ಪ್ಲೇಯರ್‌ನಲ್ಲಿ ಟೇಪನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ವಾಲ್ಯೂಮನ್ನು ಅರ್ಧದಿಂದ ಪೂರ್ತಿಯವರೆಗೆ ಏರಿಸಿ ನೋಡಿದೆ. ಬೇರೆ ಪ್ಲೇಯರ್ ತಂದೆ. ಟೇಪಿನ ಸದ್ದನ್ನು ಲ್ಯಾಪ್‌ಟಾಪ್‌ಗೆ ವೇವ್ ಫೈಲ್ ಆಗಿಯೂ ರೆಕಾರ್ಡ್ ಮಾಡಿಟ್ಟಿದ್ದೇನೆ. ಹೆಡ್ಡಿನ ಓರೆ ಸರಿಪಡಿಸುವ ಸ್ಕ್ರೂ ಮಾತ್ರ ಮುಟ್ಟಿಲ್ಲ. ತಿರುಗಿಸಿದರೆ ಈಗ ಓಡುವ ಆಟಗಳೂ ಕೈತಪ್ಪುತ್ತವೆ ಎಂಬ ಭಯ.

ಗೊಂದಲ ಇಷ್ಟೇ: ಹೆಸರಿರುವ ಮೊದಲ ತುಣುಕು ಬರೀ 17 ಬೈಟ್, ಹಾಗಾಗಿ ಬಚಾವಾಗುತ್ತದೆ. ಉದ್ದದ ತುಣುಕಿನಲ್ಲಿ ಎಲ್ಲೋ ಒಂದೆರಡು ಬಿಟ್ ತಪ್ಪಿ, ಓದಿದ್ದು ಸರಿಯೇ ಎಂದು ಪರೀಕ್ಷಿಸುವ ಕೊನೆಯ ತಾಳೆ ಬೈಟ್ ಹೊಂದುತ್ತಿಲ್ಲವೇನೋ. ಆ ತಪ್ಪು ಟೇಪಿನಲ್ಲೇ ಇದೆಯೇ, ಅಥವಾ ರೆಕಾರ್ಡ್ ಮಾಡಿದ ಪ್ಲೇಯರಿನ ಹೆಡ್ ಓರೆಯಾಗಿತ್ತೇ?

ಇದನ್ನು ಪತ್ತೆ ಮಾಡುವುದು ಹೇಗೆ? ಮೊದಲು ಸ್ಕ್ರೂ ತಿರುಗಿಸಲೇ, ಅಥವಾ ವೇವ್ ಫೈಲಿನಿಂದಲೇ ಪ್ರೋಗ್ರಾಮ್ ಹೊರತೆಗೆಯಲು ಸಾಧ್ಯವೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.