ಸಹಾಯ ಬೇಕು: ಕೆಂಪು ರಕ್ತಕಣದ ಕೋಲಿನೆಸ್ಟರೇಸ್ ಪರೀಕ್ಷೆ ರಾತ್ರಿ ಹೊತ್ತು ಎಲ್ಲಿ ಆಗುತ್ತದೆ?

ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಯ ಡಾಕ್ಟರರಲ್ಲಿ, ಲ್ಯಾಬಿನವರಲ್ಲಿ ವಿನಂತಿ. ಕೀಟನಾಶಕ ಕುಡಿದ ರೋಗಿಗಳ ಕೆಂಪು ರಕ್ತಕಣದ ಅಸಿಟೈಲ್ ಕೋಲಿನೆಸ್ಟರೇಸ್ (ಕೆಲವು ಬಗೆಯ ಕೀಟನಾಶಕಗಳು ತಡೆಯುವ ಕಿಣ್ವ) ಅಳೆಯುವ ಲ್ಯಾಬ್ ಕಾಸರಗೋಡಿನಿಂದ ಮಂಗಳೂರಿನವರೆಗೆ ಎಲ್ಲಿದೆ? ರಾತ್ರಿ ಸ್ಯಾಂಪಲ್ ತೆಗೆದುಕೊಳ್ಳುತ್ತಾರೆಯೇ? ಸೀರಂ (ರಕ್ತದ ದ್ರವಭಾಗದ) ಕೋಲಿನೆಸ್ಟರೇಸ್ ಮಾಡಿಸುವುದು ಸುಲಭ. ಆದರೆ ಲಿವರ್ ಕಾಯಿಲೆ, ಬಸಿರು, ಅಪೌಷ್ಟಿಕತೆಯಲ್ಲೂ ಅದು ಇಳಿಯುವುದರಿಂದ ಅದೊಂದನ್ನೇ ನಂಬಲಾಗದು.

ಸ್ಯಾಂಪಲನ್ನು ಪ್ರಾಲಿಡಾಕ್ಸಿಮ್ (ಈ ಕಿಣ್ವವನ್ನು ಮತ್ತೆ ಚುರುಕಾಗಿಸುವ ಪ್ರತಿವಿಷ) ಕೊಡುವ ಮೊದಲೇ, ರಕ್ತ ಹೆಪ್ಪುಗಟ್ಟದಂತೆ ಇಡುವ ಇಡಿಟಿಎ ಟ್ಯೂಬಿನಲ್ಲಿ ತೆಗೆದು ತಣ್ಣಗಿಟ್ಟು ಕಳಿಸುತ್ತೇವೆ. ಫ್ಲೋರೈಡ್ ಟ್ಯೂಬ್ ಬೇಡವೇ ಬೇಡ. ಫ್ಲೋರೈಡ್ ಆ ಕಿಣ್ವವನ್ನೇ ತಡೆಯುತ್ತದೆ, ವರದಿ ಸುಳ್ಳೇ ಕಡಿಮೆ ಬರುತ್ತದೆ.

ವರದಿಗೆ ಕಾದು ಚಿಕಿತ್ಸೆ ತಡ ಮಾಡುವ ಪ್ರಶ್ನೆಯಿಲ್ಲ. ಸೂಜಿಮೊನೆಯಂಥ ಕಣ್ಣಪಾಪೆ, ಬಾಯಲ್ಲಿ ನೊರೆ, ಬೆವರು, ಎದೆಯಲ್ಲಿ ಗೊರಗೊರ ಸದ್ದು ಕಂಡರೆ ಪ್ರತಿವಿಷವಾದ ಅಟ್ರೋಪಿನ್ ಶುರು. ಪರೀಕ್ಷೆ ಬೇಕಾಗುವುದು ಗೊಂದಲದ ಕೇಸುಗಳಿಗೆ. ನಮ್ಮೂರಲ್ಲಿ ಮನೆಯವರು 'ಮದ್ದು ಕುಡಿದದ್ದು' ಎಂದಷ್ಟೇ ಹೇಳುತ್ತಾರೆ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣವೂ ಮದ್ದೇ! ಅದರಲ್ಲಿರುವ ಮೈಲುತುತ್ತ ಕುಡಿದದ್ದಾದರೆ ವಾಂತಿ ನೀಲಿ-ಹಸಿರು. ಪೈರೆಥ್ರಾಯ್ಡ್ ಬಗೆಯ ಕೀಟನಾಶಕದಲ್ಲಿ ಕೋಲಿನೆಸ್ಟರೇಸ್ ಇಳಿಯುವುದಿಲ್ಲ. ಕಾರ್ಬಮೇಟ್ ಬಗೆಯದರಲ್ಲಿ ಇಳಿದದ್ದು ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಏರುತ್ತದೆ, ಹಾಗಾಗಿ ತಡವಾದ ಸ್ಯಾಂಪಲ್ ದಾರಿ ತಪ್ಪಿಸುತ್ತದೆ.

ರೋಗಿಯನ್ನು ಕಳಿಸುವವರು ಬಾಟಲಿಯನ್ನು, ಕನಿಷ್ಠ ಲೇಬಲಿನ ಫೋಟೊವನ್ನಾದರೂ ಜೊತೆಗೆ ಕಳಿಸಿ. ಕಂಪನಿ ಹೆಸರಿಗಿಂತ ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರು ಮುಖ್ಯ.

ಲ್ಯಾಬಿನ ಹೆಸರು, ಶುಲ್ಕ, ವರದಿಗೆ ಹಿಡಿಯುವ ಗಂಟೆ, ಗೊತ್ತಿರುವವರು ದಯವಿಟ್ಟು ಇಲ್ಲೇ ಬರೆಯಿರಿ.