ಮೂರು ವರ್ಷದ ಮಗು ಹಾಲು, ಮೊಸರನ್ನ, ಬಿಸ್ಕೆಟ್ ಬಿಟ್ಟು ಬೇರೇನೂ ತಿನ್ನಲ್ಲ: ಎಲ್ಲಿಂದ ಸರಿಪಡಿಸೋದು?

ಸಿರಿ_ಅಮ್ಮ:
ಮಗಳಿಗೆ 3 ವರ್ಷ 2 ತಿಂಗಳು, ತೂಕ 13 ಕೆ.ಜಿ. ದಿನಕ್ಕೆ ನೀಲಿ ಪ್ಯಾಕೆಟ್ ಹಾಲು 800 ಮಿ.ಲೀ., ಅದರಲ್ಲಿ ಮಲಗುವಾಗ ಒಂದು ಬಾಟಲಿ. ಊಟ ಅಂದ್ರೆ ಮೊಸರನ್ನ. ಪಲ್ಯ, ಸೊಪ್ಪು, ಕಾಳು ಬಾಯಿಗಿಟ್ಟರೆ ಉಗುಳುತ್ತಾಳೆ. ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ, ಹಗಲು ಅತ್ತೆ ನೋಡ್ಕೋತಾರೆ. ಮೊಬೈಲ್ ತೋರಿಸಿ ತಿನ್ನಿಸ್ತಾರೆ, ತಿನ್ನದಿದ್ರೆ ಟೀ-ಬಿಸ್ಕೆಟ್. ಟಾನಿಕ್ ಕೊಡ್ಲಾ, ಹಾಲಿಗೆ ಪೌಡರ್ ಹಾಕ್ಲಾ? ಅತ್ತೆಗೆ ಬೇಜಾರಾಗದ ಹಾಗೆ ಹೇಗೆ ಬದಲಾಯಿಸೋದು? ಮನೇಲಿ ಮೊಟ್ಟೆ ತಿನ್ನಲ್ಲ.

ಪಥ್ಯ_ಪಾಕ:
ಪೌಡರ್ ಬೇಡ, ಅದರಲ್ಲಿ ಸಕ್ಕರೆಯೇ ಜಾಸ್ತಿ. ಮೊದಲು ಹಾಲಿನ ಲೆಕ್ಕ ನೋಡಿ. ನೀಲಿ ಪ್ಯಾಕೆಟ್ ಅಂದ್ರೆ ಟೋನ್ಡ್ (ಕೊಬ್ಬು ಕಡಿಮೆ ಮಾಡಿದ) ಹಾಲು, 100 ಮಿ.ಲೀ.ಗೆ ಸುಮಾರು 58 ಕ್ಯಾಲೊರಿ. 800 ಅಂದ್ರೆ 460ರ ಹತ್ತಿರ. ಈ ವಯಸ್ಸಿಗೆ ಇಡೀ ದಿನಕ್ಕೆ ಬೇಕಾದ್ದೇ 1,000–1,100. ಹಸಿವು ಎಲ್ಲಿಂದ ಬರಬೇಕು? ಹಾಲಲ್ಲಿ ಕಬ್ಬಿಣಾಂಶ ಇಲ್ಲ ಅನ್ನುವಷ್ಟು ಕಡಿಮೆ. ಮೇಲಾಗಿ ಅದರ ಕ್ಯಾಲ್ಸಿಯಂ ಬೇರೆ ಊಟದ ಕಬ್ಬಿಣವನ್ನೂ ಸರಿಯಾಗಿ ಹೀರಿಕೊಳ್ಳೋಕೆ ಬಿಡಲ್ಲ. ಟೀ ಇನ್ನೂ ಕೆಟ್ಟದ್ದು, ಇವತ್ತೇ ನಿಲ್ಲಿಸಿ.

ಹಾಲನ್ನು 400 ಮಿ.ಲೀ.ಗೆ ಇಳಿಸಿ. ಒಂದೇ ಸಲ ಅಲ್ಲ, ಎರಡು-ಮೂರು ದಿನಕ್ಕೊಮ್ಮೆ 50 ಮಿ.ಲೀ. ಮೊದಲು ಹೋಗಬೇಕಾದ್ದು ಮಲಗುವಾಗಿನ ಬಾಟಲಿ, ಹಲ್ಲು ಹುಳುಕಾಗೋದೂ ಅದರಿಂದಲೇ. ಉಳಿದದ್ದು ಲೋಟದಲ್ಲಿ, ಊಟಕ್ಕೆ ಮುಂಚೆ ಬೇಡ. 8ಕ್ಕೆ ತಿಂಡಿ, 10.30ಕ್ಕೆ ಹಣ್ಣು, 1ಕ್ಕೆ ಊಟ, 4.30ಕ್ಕೆ ಹಾಲಿನ ಜೊತೆ ಏನಾದರೂ, 7.30ಕ್ಕೆ ಊಟ, ನಡುವೆ ಬರೀ ನೀರು. ಹೆಚ್ಚಿನ ಮನೆಗಳಲ್ಲಿ ಕೆಡೋದು ಇಲ್ಲೇ: ಹಾಲು ಕಡಿಮೆ ಮಾಡ್ತಾರೆ, ಮಗು ಅತ್ತ ಕೂಡಲೇ ಎರಡು ಬಿಸ್ಕೆಟ್ ಕೈಗಿಡ್ತಾರೆ, ಹಸಿವು ಮತ್ತೆ ಸತ್ತುಹೋಗುತ್ತೆ.

ಅಂಗನವಾಡಿ_ಅಕ್ಕ:
ಅತ್ತೆಯವರ ಭಯ ಅರ್ಥ ಮಾಡ್ಕೊಳ್ಳಿ. "ಮಗು ಸೊರಗಿದೆ" ಅನ್ನೋ ಚಿಂತೆಯಿಂದಲೇ ಅವರು ಒತ್ತಾಯ ಮಾಡೋದು. ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಈ ತೂಕ ಗುರುತಿಸಿ ಅವರಿಗೇ ತೋರಿಸಿ, 13 ಕೆ.ಜಿ. ಹಸಿರು ಭಾಗದಲ್ಲೇ ಬರುತ್ತೆ. ಎರಡು ವರ್ಷ ದಾಟಿದ ಮಗು ವರ್ಷಕ್ಕೆ ಎರಡು ಕೆ.ಜಿ. ಏರಿದರೆ ಸಾಕು, ಹಸಿವು ಮೊದಲಿಗಿಂತ ಕಡಿಮೆಯಾಗೋದು ಸಹಜ. ತಿಂಗಳಿಗೊಮ್ಮೆ ತೂಕ ನೋಡಿ ಬರೆಯೋ ಕೆಲಸ ಅವರಿಗೇ ಕೊಡಿ.

ಏನು ಬಡಿಸಬೇಕು, ಯಾವಾಗ ಅನ್ನೋದು ದೊಡ್ಡವರದ್ದು. ಎಷ್ಟು ಅನ್ನೋದು ಮಗುವಿಗೇ ಬಿಡಿ. 25 ನಿಮಿಷ ಆದ್ಮೇಲೆ ತಟ್ಟೆ ಎತ್ತಿಬಿಡಿ, ಬೈಗುಳ ಬೇಡ. ಮೊಬೈಲ್ ನೋಡ್ತಾ ತಿನ್ನೋ ಮಗುವಿಗೆ ಹೊಟ್ಟೆ ತುಂಬಿದ್ದೂ ಗೊತ್ತಾಗಲ್ಲ, ರುಚಿಯೂ ಪರಿಚಯ ಆಗಲ್ಲ. "ಪಲ್ಯ ತಿಂದ್ರೆ ಚಾಕೊಲೇಟ್" ಅಂದ್ರೆ ಪಲ್ಯ ಶಿಕ್ಷೆ ಅಂತ ನೀವೇ ಕಲಿಸಿದ ಹಾಗೆ. ಹೊಸ ತರಕಾರಿ ಒಂದೇ ಚಮಚ, ಇಷ್ಟದ ಮೊಸರನ್ನದ ಪಕ್ಕದಲ್ಲಿಡಿ. ಹತ್ತು-ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೆ ಒಪ್ಪೋ ಮಕ್ಕಳು ಬಹಳ. ಮೂರನೇ ಸಲಕ್ಕೇ "ಅವಳಿಗೆ ಸೇರಲ್ಲ" ಅಂತ ಕೈಬಿಡಬೇಡಿ. ಇನ್ನೊಂದು ಮಾತು, ಅಪ್ಪನ ತಟ್ಟೆಯಲ್ಲಿ ಸೊಪ್ಪು ಇರುತ್ತಾ? ಅವರು ಪಕ್ಕಕ್ಕೆ ತಳ್ಳಿದ್ದನ್ನು ಮಗು ತಿನ್ನಲ್ಲ.

ಸಿರಿ_ಅಮ್ಮ:
ಚಪಾತಿ ಹಿಟ್ಟಿಗೆ ಸೊಪ್ಪು ರುಬ್ಬಿ ಹಾಕಿದ್ರೆ ಗೊತ್ತಾಗದೆ ತಿಂತಾಳೆ, ಸಾಲದಾ?

ಪಥ್ಯ_ಪಾಕ:
ಹಾಕಿ, ಆದರೆ ಸೊಪ್ಪನ್ನು ಕಣ್ಣಿಗೆ ಕಾಣುವ ಹಾಗೂ ಬಡಿಸ್ತಾ ಇರಿ, ಇಲ್ಲಾಂದ್ರೆ ಸೊಪ್ಪಿನ ಪರಿಚಯ ಆಗೋದೇ ಇಲ್ಲ.

ಮೊಟ್ಟೆ ಇಲ್ಲದ ಮನೆಯಲ್ಲಿ ಬೇಳೆಯೇ ಆಧಾರ. ಕಟ್ಟು ಬಸಿದು ಕೊಡೋದರಲ್ಲಿ ಸತ್ವ ಕಡಿಮೆ, ಗಟ್ಟಿ ತೊವ್ವೆ ಕಲಸಿ. ಒಣಬೇಳೆ, ಕಾಳು ದಿನಕ್ಕೆ ಸುಮಾರು 30 ಗ್ರಾಂ ಬರಲಿ. ಹೆಸರುಕಾಳು ಮೊಳಕೆ ಕಟ್ಟಿ ಮೆತ್ತಗೆ ಬೇಯಿಸಿ, ಇಳಿಸಿದ ಮೇಲೆ ನಿಂಬೆರಸ ಹಿಂಡಿ, ಅದರ ವಿಟಮಿನ್ ಸಿ ಕಾಳಿನ ಕಬ್ಬಿಣ ಹೀರಿಕೊಳ್ಳೋಕೆ ನೆರವಾಗುತ್ತೆ. ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಹಾಳು. ಆ ಊಟದ ಜೊತೆ ಮೊಸರು ಬೇಡ, ಅದನ್ನು ಇನ್ನೊಂದು ಹೊತ್ತಿಗೆ ಇಡಿ. ರಾಗಿಯಲ್ಲಿ 100 ಗ್ರಾಂಗೆ 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಹಾಲು ಇಳಿಸಿದ್ದಕ್ಕೆ ಹೆದರಬೇಡಿ. ಹಾಗಂತ ಹಾಲು ಪೂರ್ತಿ ಬಿಡಿಸಬೇಡಿ, ನಿಮ್ಮ ಮನೇಲಿ ಬಿ12 ಸಿಗೋದು ಹಾಲು-ಮೊಸರಿನಿಂದಲೇ. ಶೇಂಗಾ, ಹುರಿಗಡಲೆ ಪುಡಿ ಮಾಡಿಯೇ ಕೊಡಿ, ಇಡಿಯಾಗಿ ಕೊಟ್ಟರೆ ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತೆ.

ಟಾನಿಕ್ ಬಗ್ಗೆ: ಇಷ್ಟು ಹಾಲು ಕುಡಿಯೋ ಮಗುವಿಗೆ ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮಣ್ಣು, ಬಳಪ ತಿನ್ನೋದು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿರೋದು ಕಂಡರಂತೂ ತಡ ಮಾಡಬೇಡಿ. 11ಕ್ಕಿಂತ ಕಡಿಮೆ ಬಂದರೆ ಕಬ್ಬಿಣದ ಸಿರಪ್ ಎಷ್ಟು ಅಂತ ಮಕ್ಕಳ ಡಾಕ್ಟರೇ ಹೇಳಲಿ. ಹಾಲಿನ ಜೊತೆ ಕೊಡಬೇಡಿ. ಮಲ ಕಪ್ಪಾದರೆ ಸಿರಪ್ಪಿನಿಂದ, ನಿಲ್ಲಿಸಬೇಕಾಗಿಲ್ಲ.